ಉಡಿಗೆ ಹಾಕಿದ ಕೀಲಿಕೈ

ಅಪ್ಪ ಮಗನಿಗೆ ಮನೆ ಕೊಂಡುಕೊಟ್ಟರೆ ಈ ದೇಶದ ಕಾನೂನು ಅದನ್ನು ಕೊಡುಗೆ ಎಂದು ನಂಬುತ್ತದೆ. ಅಕ್ಕ ತಂಗಿಗೆ ಕೊಂಡುಕೊಟ್ಟರೆ ನಂಬುವುದಿಲ್ಲ. ಇಂಗ್ಲೆಂಡಿಗೆ ಬಂದ ಮೊದಲ ತಿಂಗಳು, ಚಳಿಗೆ ಕೋಟನ್ನೂ ಬಿಚ್ಚದೆ ಕುಳಿತಿದ್ದ ತರಗತಿಯಲ್ಲಿ ಈ ಮಾತು ಕೇಳಿ ನಾನು ಪಕ್ಕದವನ ಮುಖ ನೋಡಿದೆ. ಅವನು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದ.

ಪ್ರಾಧ್ಯಾಪಕರು ಬಿಡಿಸಿ ಹೇಳಿದರು. ಒಬ್ಬರ ಹಣದಿಂದ ಇನ್ನೊಬ್ಬರ ಹೆಸರಿನಲ್ಲಿ ಮನೆ ಕೊಂಡರೆ, ಕೊಟ್ಟವರ ಮನಸ್ಸಿನಲ್ಲಿ ಏನಿತ್ತೆಂದು ತಿಳಿಯದಿದ್ದಾಗ, ಇಲ್ಲಿಯ ನ್ಯಾಯಾಲಯ ಒಂದು ಊಹೆಯಿಂದ ಹೊರಡುತ್ತದೆ. ಯಾರೂ ಸುಮ್ಮನೆ ಕೊಡುವುದಿಲ್ಲ ಎಂಬ ಊಹೆ. ಹೆಸರಿರುವವನು ಬರೀ ಕಾವಲುಗಾರ, ಮನೆಯ ಸತ್ವ ಹಣ ಕೊಟ್ಟವರಿಗೇ ಮರಳುತ್ತದೆ. ಇದಕ್ಕೆ ರಿಸಲ್ಟಿಂಗ್ ಟ್ರಸ್ಟ್ ಎನ್ನುತ್ತಾರೆ. ಲ್ಯಾಟಿನ್ ಮೂಲದಲ್ಲಿ ಆ ಪದಕ್ಕೆ ಹಿಂದಕ್ಕೆ ಜಿಗಿಯುವುದು ಎಂಬ ಅರ್ಥವಂತೆ. ಅಪ್ಪ ಮಗನಿಗೆ ಕೊಟ್ಟಾಗ ಮಾತ್ರ ಊಹೆ ತಿರುವುಮುರುವಾಗುತ್ತದೆ, ಅದು ಕೊಡುಗೆಯೇ ಎಂದು ಹಿಡಿಯುತ್ತಾರೆ. ಅಮ್ಮ ಕೊಟ್ಟರೆ ಏನು ಎಂಬುದರ ಬಗ್ಗೆ ವಕೀಲರು ಇನ್ನೂ ವಾದಿಸುತ್ತಿದ್ದಾರೆ. ಅಕ್ಕನ ಬಗ್ಗೆ ವಾದವೇ ಇಲ್ಲ.

ನಮ್ಮ ಇಂಗಳೇಶ್ವರದಲ್ಲಿ ಹೊಲದ ಉತಾರದಲ್ಲಿ, ಎಂದರೆ ಪಹಣಿಯಲ್ಲಿ, ಯಾರ ಹೆಸರಿದೆಯೋ ಅವರದೇ ಹೊಲ. ಹಣ ಯಾರು ಕೊಟ್ಟರೆಂದು ಕೇಳಿದರೆ ಬೇನಾಮಿ ಎಂಬ ಪದ ಬರುತ್ತದೆ, ಅದು ಬಂದ ಕೂಡಲೇ ಎಲ್ಲರೂ ದನಿ ತಗ್ಗಿಸುತ್ತಾರೆ. ಮನೆಯವರ ನಡುವಿನದಂತೂ ಕೋರ್ಟಿಗೆ ಹೋಗುವ ಮಾತೇ ಅಲ್ಲ. ಇಲ್ಲಿ ಅದಕ್ಕೊಂದು ಅಧ್ಯಾಯವೇ ಇತ್ತು. ನನಗೆ ಹಿಡಿಸಿತು. ವಿಜಯಪುರದಲ್ಲಿ ಕಾನೂನು ಓದುವಾಗಿನಿಂದಲೂ ಯಾರು ಏನು ಹೇಳಿದರೂ ಮೊದಲು ಅನುಮಾನಿಸುವ ಹುಡುಗನೆಂದು ಹೆಸರು ಪಡೆದವನು ನಾನು. ನನ್ನ ಹಾಗೆಯೇ ಅನುಮಾನಿಸುವ ಒಂದು ಕಾನೂನು ಸಿಕ್ಕಿತಲ್ಲ ಎಂದುಕೊಂಡೆ.

ನಾನಿರುವುದು ಲ್ಯಾಂಕಾಷೈರಿನ ಒಂದು ಗಿರಣಿ ಊರು. ಗಿರಣಿಗಳು ಮುಚ್ಚಿ ಬಹಳ ಕಾಲವಾಗಿದೆ, ಚಿಮಣಿಗಳು ಮಾತ್ರ ನಿಂತಿವೆ. ಕೂಲಿಕಾರರಿಗೆಂದು ಕಟ್ಟಿದ ಮನೆಗಳು ಒಂದರ ಗೋಡೆಗೆ ಒಂದು ಆತು ಸಾಲಾಗಿ ಗುಡ್ಡ ಹತ್ತುತ್ತವೆ. ಇವುಗಳನ್ನು ಟೆರೇಸ್ ಎನ್ನುತ್ತಾರೆ. ಬಾಡಿಗೆಗೆ ಟೆರೇಸ್ ಇದೆ ಎಂದಾಗ ನಾನು ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚುವುದನ್ನು ಕಲ್ಪಿಸಿಕೊಂಡಿದ್ದೆ. ಸಾಲುಗಳ ನಡುವಿನ ಇಕ್ಕಟ್ಟಿನ ಓಣಿಗೆ ಗಿನೆಲ್ ಎಂದು ಹೆಸರು. ನಮ್ಮ ಸಂದಿಗಳಲ್ಲಿ ಹೆಂಗಸರು ಕುಳಿತು ಹರಟೆ ಹೊಡೆಯುತ್ತಾರೆ. ಗಿನೆಲ್‌ನಲ್ಲಿ ಕಸದ ಡಬ್ಬಿಗಳು ನಿಂತಿರುತ್ತವೆ. ಮೊದಲ ಚಳಿಗಾಲ ಬಸ್ಸಿನ ಚಾಲಕಿ "ಲವ್" ಎಂದು ಕರೆದು ಚಿಲ್ಲರೆ ಕೊಟ್ಟದ್ದೊಂದೇ ಕೆಲವು ದಿನ ನನ್ನೊಡನೆ ಯಾರಾದರೂ ಆಡಿದ ಮಾತು. ಇಲ್ಲಿ ಎಲ್ಲರನ್ನೂ ಹಾಗೆಯೇ ಕರೆಯುತ್ತಾರೆ ಎಂದು ತಿಳಿದ ಮೇಲೆ ಅದೂ ಹೋಯಿತು.

ಕಾಶಕ್ಕ ಸಿಕ್ಕಿದ್ದು ಗುಜರಾತಿಯವರ ಅಂಗಡಿಯಲ್ಲಿ, ಜೋಳದ ಹಿಟ್ಟಿನ ಮುಂದೆ. ಊರಿನಲ್ಲಿರುವ ನನ್ನ ಅಕ್ಕನೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ಹಿಂದಿನಿಂದ ಯಾರೋ ನೇರವಾಗಿ ಕೇಳಿದರು.

"ಬಾಗೇವಾಡಿ ಕಡ್ಯಾಂವ ಏನೋ ತಮ್ಮಾ?"

"ಹೌದ್ರಿ. ಇಂಗಳೇಶ್ವರ."

"ನಾವು ಸಿಂದಗಿ. ರೊಟ್ಟಿ ಬಡಿಯಾಕ ಬರ್ತೈತೇನು?"

"ಇಲ್ರಿ."

"ಮತ್ತ ಹಿಟ್ಟ ತಗೊಂಡು ಮಾರಿಗೆ ಹಚ್ಕೋತಿಯೇನು? ಅದನ್ನ ಅಲ್ಲೇ ಇಡು, ನಡಿ."

ಹೀಗೆ ಅವರ ಬಾಡಿಗೆ ಮನೆಯ ಅಟ್ಟದ ಕೋಣೆ ನನ್ನದಾಯಿತು. ಕಾಶಕ್ಕ ವೃದ್ಧರ ಆರೈಕೆ ಮನೆಯೊಂದರಲ್ಲಿ ನರ್ಸ್. ಜೊತೆಗೆ ತಂಗಿ ಸುನಂದಾ, ಸುನಂದಾಳ ಗಂಡ ಮಲ್ಲಣ್ಣ. ಮಲ್ಲಣ್ಣ ನಮ್ಮ ಜಿಲ್ಲೆಯದೇ ಇಂಡಿ ಊರಿನವನು, ಇಲ್ಲಿ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ. ಅಪ್ಪ ಅವ್ವ ಬೇಗ ಹೋದ ಕಾರಣ ತಂಗಿಯನ್ನು ಬೆಳೆಸಿ, ಓದಿಸಿ, ಮದುವೆ ಮಾಡಿದ್ದು ಕಾಶಕ್ಕನೇ. ಅವಳಿಗೂ ಮದುವೆಯಾಗಿತ್ತು. ಮುದ್ದೇಬಿಹಾಳದ ಆ ಗಂಡ ಅವಳನ್ನು ಬಿಟ್ಟಿದ್ದ, ಆದರೆ ಕಾನೂನಿನಂತೆ ಬಿಟ್ಟಿರಲಿಲ್ಲ.

ಕಾಶಕ್ಕ ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯ ಮುದುಕಿ ಮೊದಮೊದಲು ಗೋಡೆ ಕುಟ್ಟುತ್ತಿದ್ದಳು. ಒಂದು ದಿನ ಕಾಶಕ್ಕ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಒಯ್ದು ಕೊಟ್ಟಳು. ಕುಟ್ಟುವುದು ನಿಂತಿತು. ಆ ಊರಿನಲ್ಲಿ ನಾವು ಗೆದ್ದ ಮೊದಲ ಜಗಳ ಅದು.

ಅದೇ ಬೀದಿಯಲ್ಲಿ, ಆ ಮುದುಕಿಯ ಆಚೆ ಮಗ್ಗುಲಿನ ಮನೆ ಹರಾಜಿಗೆ ಬಂತು. ಗಿರಣಿ ಊರಿನ ಹಾಳು ಮನೆಗಳು ಅಗ್ಗ. ಬ್ಯಾಂಕಿನ ಸಾಲವಿಲ್ಲದೆ ಕೊಂಡರು. ಹಣವೆಲ್ಲ ಕಾಶಕ್ಕನದು, ಮನೆ ಮಲ್ಲಣ್ಣನ ಹೆಸರಿಗೆ. ಕಾನೂನಿನ ವಿದ್ಯಾರ್ಥಿಗೆ ನಾಲಿಗೆ ತಡೆಯಲಿಲ್ಲ.

"ಅಕ್ಕಾ, ನಿನ್ನ ಹೆಸರಿಗಿ ಯಾಕ ಬ್ಯಾಡ?"

ಅವಳು ಬಾಗಿಲ ಕಡೆ ನೋಡಿ ಹೇಳಿದಳು. "ಮುದ್ದೇಬಿಹಾಳದಾಂವಗ ಸುದ್ದಿ ಹತ್ತೀತು. ಹೆಂಡ್ತಿ ಮನಿ ತನ್ನ ಮನಿ ಅಂತ ಬಂದು ನಿಂತಾನು. ಇದನ್ನ ಯಾರ ಮುಂದೂ ಆಡಬ್ಯಾಡ. ನನ್ನ ಆಣಿ ಐತಿ."

ಈಗ ನಾನು ಹೇಳಬೇಕಾದ ದಿನ ಬಂತು. ಮನೆ ಶಾಂತಿಯ ದಿನ.

ನಮ್ಮ ಕಡೆ ಹೊಸ ಮನೆ ಹೊಕ್ಕಾಗ ತವರಿನವರು ಬಂದು ಮಗಳಿಗೆ ಉಡಿ ತುಂಬುತ್ತಾರೆ. ಸುನಂದಾಳಿಗೆ ತವರು ಎಂದರೆ ಅದೇ ಮನೆಯಲ್ಲಿರುವ ಅಕ್ಕ. ಕಾಶಕ್ಕ ಮುಂಬಾಗಿಲಿನಿಂದ ಹೊರಗೆ ಹೋಗಿ, ಗಿನೆಲ್ ಬಳಸಿ ಬಂದು, ಬೀಗರಂತೆ ಮತ್ತೆ ಬಾಗಿಲು ತಟ್ಟಿದಳು. ನಾವೆಲ್ಲ ನಕ್ಕೆವು. ಮಣೆಯ ಮೇಲೆ ಕುಳಿತ ಸುನಂದಾ ಹಸಿರು ಸೀರೆಯ ಸೆರಗು ಒಡ್ಡಿದಳು. ಅಕ್ಕಿ, ಉತ್ತತ್ತಿ, ಅರಿಶಿನ ಬೇರು, ಕೊಬ್ಬರಿ ಬಟ್ಟಲು, ಕುಬಸದ ಬಟ್ಟೆ ಹಾಕಿದ ಮೇಲೆ ಕಾಶಕ್ಕ ಸೊಂಟದಿಂದ ಮನೆಯ ಕೀಲಿಕೈ ತೆಗೆದು ಉಡಿಗೆ ಹಾಕಿದಳು. ಅದು ಕೊಬ್ಬರಿ ಬಟ್ಟಲಿಗೆ ತಾಗಿ ಟಣ್ ಎಂದಿತು. "ತಗೋ, ಇದು ನಿನ್ನ ತವರಿಂದು," ಎಂದಳು. ಮಲ್ಲಣ್ಣ ಕಣ್ಣು ಒರೆಸಿಕೊಂಡ.

ಇಲ್ಲಿಯವರೆಗೆ ನನಗೆ ಅನುಮಾನವಿಲ್ಲ. ಇದರ ಮುಂದೆ ಇದೆ.

ಉಡಿ ತುಂಬಿಸಿಕೊಂಡವಳು ಏಳುವ ಮೊದಲು ಒಂದು ಹಿಡಿ ಅಕ್ಕಿಯನ್ನು ತನ್ನ ಉಡಿಯಿಂದ ತೆಗೆದು ತವರಿಗೆ ಮರಳಿ ಹಾಕುತ್ತಾಳೆ. ತವರು ಬರಿದಾಗಬಾರದು. ನಮ್ಮವ್ವ ದೇವರ ಹಿಪ್ಪರಗಿಯ ತನ್ನ ತವರಿನಿಂದ ಹೊರಡುವಾಗ ಪ್ರತಿ ಸಲ ಹೀಗೆ ಮಾಡುತ್ತಿದ್ದಳು. ಬಸ್ಸು ಹೋಗುತ್ತದೆ ಎಂದು ಅಪ್ಪ ಹೊರಗಿನಿಂದ ಕೂಗುತ್ತಿದ್ದರೂ ಅವಳು ಕೈ ಆಡಿಸಿ ಒಂದು ಹಿಡಿ ತೆಗೆಯುವುದನ್ನು ಬಿಡುತ್ತಿರಲಿಲ್ಲ. ಸುನಂದಾ ಅಂದು ಹಾಕಿದಳೇ? ಹಾಕಿದಳೆಂದು ನನ್ನ ಕಣ್ಣ ಮುಂದೆ ಬರುತ್ತದೆ. ಆ ಹಿಡಿಯಲ್ಲಿ ಕೀಲಿಕೈಯೂ ಇತ್ತೆಂದು ಕೆಲವೊಮ್ಮೆ ಬರುತ್ತದೆ. ಆದರೆ ಬರುವ ಚಿತ್ರದಲ್ಲಿ ಬಳೆಗಳು ಅವ್ವನವು.

ನನ್ನ ನೆನಪಿನ ಯೋಗ್ಯತೆ ನನಗೆ ಗೊತ್ತಿದೆ. ಇಲ್ಲಿಗೆ ಬಂದ ಹೊಸದರಲ್ಲಿ ಊರಿನ ಮನೆಯ ಮುಂದಿನ ಬೇವಿನ ಮರವನ್ನು ನೆನೆದು ಅಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಅದರ ನೆರಳು, ಅದರ ಹೂವಿನ ವಾಸನೆ ಎಲ್ಲ ಹೇಳಿದ್ದೆ. ಅವಳು ತಾಳ್ಮೆಯಿಂದ ಕೇಳಿ, "ಅಲ್ಲೋ, ಆ ಬೇವಿನ ಗಿಡ ನಮ್ಮ ಮನಿ ಮುಂದ ಯಾವಾಗಿತ್ತು? ಅದು ಸಾಲಿ ಮುಂದ ಐತಿ. ನಮ್ಮ ಮನಿ ಮುಂದ ಲೈಟಿನ ಕಂಬ," ಎಂದಳು. ಊರು ದೂರವಾದಷ್ಟೂ ಮರಗಳು ತಾವಾಗಿಯೇ ಮನೆಯ ಹತ್ತಿರ ಬರುತ್ತವೆ.

ಮನೆ ಶಾಂತಿಯಾದ ಮೂರನೆಯ ಚಳಿಗಾಲದಲ್ಲಿ ಸುನಂದಾ ರಕ್ತದ ಕಾಯಿಲೆಯಿಂದ ತೀರಿಕೊಂಡಳು. ಮಕ್ಕಳಿರಲಿಲ್ಲ. ಇಲ್ಲಿ ಚಿತೆ ಇಲ್ಲ, ಚಿತಾಗಾರದಲ್ಲಿ ಪೆಟ್ಟಿಗೆಯ ಮುಂದೆ ಒಂದು ಪರದೆ ಸರಿಯುತ್ತದೆ, ಅಷ್ಟೇ. ಸತ್ತವರನ್ನು ಮಣ್ಣಿನಲ್ಲಿ ಹೂಳುವ ಜನ ನಾವು, ಆದರೆ ಇಲ್ಲಿ ಆ ಮಣ್ಣಿಗೆ ದೊಡ್ಡ ಬೆಲೆ. ಕಾಶಕ್ಕ ಅಳಲಿಲ್ಲ. ಮನೆಗೆ ಬಂದು ರೊಟ್ಟಿ ಬಡಿದಳು. ಅಂದು ಅವಳು ಬಡಿದ ರೀತಿಗೆ ಪಕ್ಕದ ಮುದುಕಿಯೇ ಬಂದು ಬಾಗಿಲಲ್ಲಿ ನಿಂತಳು.

ಅಷ್ಟರಲ್ಲಿ ನನಗೆ ಒಂದು ಕಾಲೇಜಿನಲ್ಲಿ ಕಾನೂನು ಕಲಿಸುವ ಕೆಲಸ ಸಿಕ್ಕು, ಎರಡು ಬೀದಿ ಆಚೆ ಕೋಣೆ ಹಿಡಿದಿದ್ದೆ. ಒಂದು ಸಂಜೆ ಮಲ್ಲಣ್ಣ ಬಂದ. ಕುಳಿತುಕೊಳ್ಳಲಿಲ್ಲ.

"ಮನಿ ಮಾರ್ತೇನೋ. ಇಂಡಿಗೆ ಹೋಗಿ ಲಿಂಬಿ ತ್ವಾಟ ಮಾಡ್ತೇನಿ. ಆ ಅಡಗಿಮನ್ಯಾಗ ಹೋದ್ರ ಅಕಿನ ನಿಂತಂಗ ಆಗ್ತೈತಿ."

"ಕಾಶಕ್ಕ ಎಲ್ಲಿಗೆ ಹೋಗ್ಬೇಕು?"

"ರೊಕ್ಕ ಅಕ್ಕಂದು ಅಂತ ನಂಗೂ ಗೊತ್ತೈತಿ. ಆದ್ರ ಅಕ್ಕ ಮನಿ ನನಗ ಕೊಡಲಿಲ್ಲ, ಕಾಗದದಾಗ ಅಷ್ಟ ನನ್ನ ಹೆಸರು. ಸುನಂದಾನ ಉಡ್ಯಾಗ ಹಾಕಿದ್ಲು. ಉಡ್ಯಾಗಿಂದು ಸುನಂದಾಂದು. ಸುನಂದಾಂದು ನಂದು. ನೀನ ನೋಡೀಯಲ್ಲ?"

ಅವನು ಕೆಟ್ಟವನಲ್ಲ. ಕಾನೂನನ್ನು ಅವನು ನನಗಿಂತ ಚೆನ್ನಾಗಿಯೇ ಹೇಳಿದ್ದ. ಅದು ಸುನಂದಾಳಿಗೆ ಕೊಟ್ಟ ಕೊಡುಗೆಯಾದರೆ, ಮಕ್ಕಳಿಲ್ಲದ ಹೆಂಡತಿಯ ವಾರಸುದಾರ ಗಂಡ.

ಕಾಶಕ್ಕನಿಗೆ ನಿವೃತ್ತಿ ಹತ್ತಿರವಿತ್ತು. ಮಂಡಿಗಳು ಮೆಟ್ಟಿಲು ಹತ್ತಲು ಒಲ್ಲೆ ಎನ್ನುತ್ತಿದ್ದವು. ಸಿಂದಗಿಯಲ್ಲಿ ಅವಳದೆಂದು ಒಂದು ಗೂಡೂ ಉಳಿದಿರಲಿಲ್ಲ. ಈ ಮನೆ ಹೋದರೆ ಉಳಿದ ಆಯುಷ್ಯ ಯಾರದೋ ಮನೆಯ ಬಾಡಿಗೆ ಕೋಣೆಯಲ್ಲಿ. ಕೋರ್ಟಿಗೆ ಹೋಗೋಣವೆಂದು ನಾನೇ ಒತ್ತಾಯಿಸಿದೆ. "ಅಕ್ಕಾ, ಈ ದೇಶದ ಕಾನೂನು ನಿನ್ನ ಕಡೆ ಐತಿ. ನೀ ಏನೂ ರುಜು ಮಾಡೂದು ಬ್ಯಾಡ. ಸುಮ್ಮನ ಕುಂದ್ರು. ಕೊಡುಗಿ ಅಂತ ರುಜು ಮಾಡೋ ಹೊಣಿ ಅವಂದು."

"ಕೊಟ್ಟಿಲ್ಲ ಅಂತ ನಾ ಹೇಳಬೇಕೇನು?"

"ಹೇಳೂದ ಬ್ಯಾಡ. ಕಾನೂನ ಹಂಗ ತಿಳ್ಕೋತೈತಿ."

"ಅದ್ಯಾಕ ಹಂಗ ತಿಳ್ಕೋತೈತಿ? ಅದಕ ಅಕ್ಕ ತಂಗಿ ಇಲ್ಲೇನು?"

ನಮ್ಮ ವಕೀಲೆ ಒಂದೇ ಪ್ರಶ್ನೆ ಕೇಳಿದಳು, ಮನೆಯನ್ನು ತಂಗಿಯ ಗಂಡನ ಹೆಸರಿಗೆ ಏಕೆ ಇಟ್ಟಿರಿ. ಮುದ್ದೇಬಿಹಾಳದವನ ಭಯಕ್ಕೆ ಎಂದಿದ್ದರೆ ಸಾಕಿತ್ತು. ಕೊಡುವ ಮನಸ್ಸಿನಿಂದಲ್ಲ, ಬಚ್ಚಿಡುವ ಮನಸ್ಸಿನಿಂದ ಎಂದು ತಾನಾಗಿಯೇ ತಿಳಿಯುತ್ತಿತ್ತು. ಕಾಶಕ್ಕ, "ಮನಿಗೊಂದು ಗಂಡಸಿನ ಹೆಸರಿರಲಿ ಅಂತ," ಎಂದಳು. ಹೊರಗೆ ಬಂದ ಮೇಲೆ ನಾನು ಬಾಯಿ ತೆರೆಯುವ ಮೊದಲೇ ತಡೆದಳು. "ಗಂಡ ಬಿಟ್ಟಾಕಿ ಅಂತ ಸಿಂದಗ್ಯಾಗ ಅನಿಸ್ಕೊಂಡದ್ದು ಸಾಕು. ಇಲ್ಲೂ ಅನಿಸ್ಕೊಬೇಕೇನು? ನನ್ನ ಆಣಿ ಐತಿ, ನೆನಪಿರಲಿ."

ಮಲ್ಲಣ್ಣನ ವಕೀಲರು ಸಾಕ್ಷಿಯಾಗಿ ನನ್ನನ್ನು ಕರೆಸಿದರು. ಅಂದು ಮನೆಯಲ್ಲಿದ್ದವರ ಪೈಕಿ ಈ ಮನೆಯಲ್ಲಿ ಪಾಲಿಲ್ಲದವನು ನಾನೊಬ್ಬನೇ. ಹಿಂದಿನ ದಿನ ಕಾಶಕ್ಕನ ಅಡುಗೆಮನೆಯಲ್ಲಿ ಕುಳಿತಿದ್ದೆ. ಅವಳು ಬದನೆಕಾಯಿ ಹೆಚ್ಚುತ್ತಿದ್ದಳು.

"ಏನ ಹೇಳಲಿ ಅಕ್ಕಾ?"

"ನೋಡಿದ್ದು ಹೇಳು. ನೋಡಲಾರದ್ದು ಹೇಳಬ್ಯಾಡ. ಇಷ್ಟು ಓದೀದಿ, ಇದನ್ನ ನನ್ನ ಕೇಳ್ತೀಯಲ್ಲ."

ಕೋರ್ಟು ಎಂದರೆ ಬಾಗೇವಾಡಿಯ ಹಾಗೆ ಬೇವಿನ ಕೆಳಗೆ ಜನ, ಚಹಾದ ಗಾಡಿ, ಕರಿ ಕೋಟುಗಳ ಓಡಾಟ ಅಲ್ಲ. ರತ್ನಗಂಬಳಿ ಹಾಸಿದ, ಕಿಟಕಿ ತೆರೆಯದ ಒಂದು ಕೋಣೆ. ನ್ಯಾಯಾಧೀಶೆ ಮೆಲುದನಿಯವಳು. ಕಾಶಕ್ಕ ಆಸ್ಪತ್ರೆಗೆ ಬಂದವಳ ಹಾಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

ಮಲ್ಲಣ್ಣನ ವಕೀಲ ಕೇಳಿದ. "ಉಡಿ ಎಂದರೇನು, ನ್ಯಾಯಾಲಯಕ್ಕೆ ವಿವರಿಸುತ್ತೀರಾ?"

"ಸೀರೆಯ ಸೆರಗನ್ನು ಹೊಟ್ಟೆಯ ಮುಂದೆ ಒಡ್ಡಿದಾಗ ಆಗುವ ಜಾಗ."

"ಏಪ್ರನ್ ಇದ್ದ ಹಾಗೆ?"

"ಅಲ್ಲ."

"ಅದಕ್ಕೆ ಹಾಕಿದ್ದನ್ನು ಹಾಕಿದವರು ಮರಳಿ ಕೇಳುವ ಪದ್ಧತಿ ನಿಮ್ಮಲ್ಲಿ ಇದೆಯೇ?"

"ಕೇಳುವ ಪದ್ಧತಿ ಇಲ್ಲ. ಆದರೆ ತುಂಬಿಸಿಕೊಂಡವಳು ಒಂದು ಹಿಡಿ ಅಕ್ಕಿಯನ್ನು ತಾನಾಗಿಯೇ ಮರಳಿ ಹಾಕುತ್ತಾಳೆ."

"ಅಂದು ಹಾಗೆ ಹಾಕಿದ್ದನ್ನು ನೀವು ನೋಡಿದಿರಾ?"

ಸುನಂದಾಳ ಕೈ ಕಣ್ಣ ಮುಂದೆ ಬಂತು. ಅವ್ವನ ಬಳೆಗಳೂ ಬಂದವು.

"ಖಚಿತವಾಗಿ ಹೇಳಲಾರೆ."

"ಕೀಲಿಕೈ ಮರಳಿ ಬಂದದ್ದನ್ನು?"

"ಹೇಳಲಾರೆ. ನನ್ನ ನೆನಪಿನ ಮೇಲೆ ನನಗೆ ಪೂರ್ಣ ಭರವಸೆ ಇಲ್ಲ."

"ಕೀಲಿಕೈ ಉಡಿಗೆ ಬಿದ್ದದ್ದು?"

"ಅದು ಖಚಿತ."

ಅವನು ಕುಳಿತುಕೊಂಡ. ಅದು ಏಕೆ ಖಚಿತ ಎಂದು ಯಾರೂ ಕೇಳಲಿಲ್ಲ. ಆಮೇಲೆ ನಾನೇ ಕೇಳಿಕೊಂಡೆ. ಉಡಿಗೆ ಕೀಲಿಕೈ ಹಾಕುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ, ಅದಕ್ಕೇ ನೆನಪಿನಲ್ಲಿ ನಿಂತಿತು. ಅಕ್ಕಿ ಮರಳಿ ಹಾಕುವುದನ್ನು ಸದಾ ನೋಡಿದ್ದೆ, ಅದಕ್ಕೇ ಕಣ್ಣು ಅದನ್ನು ನೋಡಲಿಲ್ಲ, ಅಥವಾ ನೋಡಿ ಬಿಟ್ಟಿತು. ವಿಚಿತ್ರವಾದದ್ದಕ್ಕೆ ಸಾಕ್ಷಿ ಸಿಗುತ್ತದೆ, ಪದ್ಧತಿಗೆ ಸಿಗುವುದಿಲ್ಲ. ಎಲ್ಲವನ್ನೂ ಸಮವಾಗಿ ಅನುಮಾನಿಸುತ್ತೇನೆಂದು ನಾನು ತಿಳಿದಿದ್ದೆ. ಅಂದು ನನ್ನ ಅನುಮಾನದ ಭಾರವೆಲ್ಲ ಒಬ್ಬಳ ಮೇಲೆಯೇ ಬಿತ್ತು.

ತೀರ್ಪಿನಲ್ಲಿ ನ್ಯಾಯಾಧೀಶೆ ಸೌಜನ್ಯದಿಂದಲೇ ಹೇಳಿದಳು. ಅಕ್ಕನ ಪರವಾದ ಊಹೆ ಇರುವುದು ನಿಜ. ಆದರೆ ಊಹೆ ಎಂಬುದು ಸಾಕ್ಷ್ಯವಿಲ್ಲದ ಕಡೆ ಹಚ್ಚುವ ದೀಪ. ಇಲ್ಲಿ ಸಾಕ್ಷ್ಯವಿದೆ. ತನ್ನ ಅನುಮಾನಗಳನ್ನು ಮುಚ್ಚಿಡದ, ಯಾವ ಲಾಭವೂ ಇಲ್ಲದ ಒಬ್ಬ ಸಾಕ್ಷಿ ಕೊಡುಗೆಯ ಕ್ರಿಯೆಯನ್ನು ಕಣ್ಣಾರೆ ಕಂಡಿದ್ದಾನೆ. ಮನೆ ಸುನಂದಾಳಿಗೆ ಸಂದಿತ್ತು, ಅವಳಿಂದ ಗಂಡನಿಗೆ.

ಹೊರಗೆ ಬಸ್ ನಿಲ್ದಾಣದಲ್ಲಿ ಕಾಶಕ್ಕ ನನ್ನ ಕಡೆ ತಿರುಗಿ, "ಇಂಗ್ಲೀಷ್ ಭಾಳ ಚಂದ ಮಾತಾಡ್ತೀಯೋ ತಮ್ಮಾ," ಎಂದಳು.

ಮನೆ ಬಿಡುವ ದಿನ ಸಾಮಾನು ಹೊರಲು ಹೋದೆ. ಅವಳದೆಂದು ಹೆಚ್ಚೇನೂ ಇರಲಿಲ್ಲ. ರೊಟ್ಟಿಯ ಹಂಚು, ಹಿಟ್ಟು ನಾದುವ ಕೊಣಮಗಿ, ಎರಡು ಪೆಟ್ಟಿಗೆ. ಮತ್ತೊಬ್ಬ ನರ್ಸಿನ ಮನೆಯಲ್ಲಿ ಕೋಣೆ ಸಿಕ್ಕಿತ್ತು, ಅಲ್ಲಿ ರೊಟ್ಟಿ ಬಡಿಯಬಾರದೆಂಬ ಕರಾರಿನ ಮೇಲೆ. ಖಾಲಿ ಅಡುಗೆಮನೆಯಲ್ಲಿ ನಾನು ಕೇಳಿಯೇ ಬಿಟ್ಟೆ.

"ಅಕ್ಕಾ, ಅವತ್ತು ಸುನಂದಾ ಅಕ್ಕಿ ತಿರುಗಿ ಹಾಕಿದ್ಲೇನು?"

"ಹಾಕದ ಇರ್ತಾಳೇನು? ನಾ ಬೆಳಸಿದ ಹುಡಿಗಿ."

"ಕೀಲಿ?"

"ಕೀಲಿ ಮರುದಿನ ಬಾಗಲದ ಹಿಂದಿನ ಮೊಳಿಗೆ ತೂಗಿತ್ತು. ಅಕಿನೂ ತಗೋತಿದ್ಲು, ಅಂವನೂ ತಗೋತಿದ್ದ, ನಾನೂ ತಗೋತಿದ್ದೆ, ನೀನೂ ತಗೋತಿದ್ದಿ. ಅವಾಗ ಯಾರ ಕೀಲಿ ಅಂತ ನೀ ಕೇಳಿದ್ದೇನು?"

ಅವಳು ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಅಕ್ಕಿ ತೆಗೆದು ಗೋಡೆಯ ಖಾಲಿ ಗೂಡಿನಲ್ಲಿ ಹಾಕಿದಳು. ತವರು ಬಿಡುವವರ ಹಾಗೆ. ಕೀಲಿಕೈಯನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ ಹೊರಗೆ ಹೋದಳು. ಪಕ್ಕದ ಮುದುಕಿ ತನ್ನ ಬಾಗಿಲಲ್ಲಿ ನಿಂತಿದ್ದಳು.

ಸಂಜೆ ಕೊನೆಯ ಪೆಟ್ಟಿಗೆಗೆಂದು ನಾನು ಮರಳಿದಾಗ ಮಲ್ಲಣ್ಣ ಮನೆ ವಹಿಸಿಕೊಳ್ಳಲು ಬಂದ. ಗೂಡಿನ ಮುಂದೆ ನಿಂತುಬಿಟ್ಟ. ಇಂಡಿಯವನು, ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಇದು ಈಗ ಯಾರದೋ?" ಎಂದ. "ಕಾನೂನ ಕಲಿಸ್ತಿ, ಹೇಳು."

ಅವನು ಎರಡೂ ಕೈಯಿಂದ ಅಕ್ಕಿಯನ್ನು ಬಳಿದು ನನ್ನ ಬೊಗಸೆಗೆ ಸುರಿದ. "ನೀನ ಇಟ್ಕೋ. ಕೊಳ್ಳಾವ್ರು ಕಸಾ ಅಂತ ಉಡುಗಿ ಒಗೀತಾರ."

ಈ ದೇಶದ ಕಾನೂನಿನಲ್ಲಿ ಇನ್ನೊಂದು ಊಹೆಯಿದೆ, ಅದನ್ನು ಈ ವರ್ಷ ಕಲಿಸಿದೆ. ಮನುಷ್ಯ ಎಷ್ಟು ವರ್ಷ ಪರದೇಶದಲ್ಲಿದ್ದರೂ, ಇಲ್ಲೇ ಕೊನೆಯವರೆಗೆ ನಿಲ್ಲುವ ಮನಸ್ಸು ಅವನಿಗಿದೆ ಎಂದು ರುಜುವಾಗುವ ತನಕ, ಅವನ ನೆಲೆ ಹುಟ್ಟಿನಿಂದ ಬಂದ ನೆಲೆಯೇ. ಇಲ್ಲಿ ಮಾಡಿಕೊಂಡ ನೆಲೆಯನ್ನು ಬಿಟ್ಟರೆ ಹಳೆಯದು ತಾನಾಗಿಯೇ ಮತ್ತೆ ಜೀವ ಪಡೆಯುತ್ತದೆ. ಎಂದರೆ ಕಾನೂನಿನ ಕಣ್ಣಿನಲ್ಲಿ ನಾನು ಇಂದಿಗೂ ಆ ಕಡೆಯವನು. ಊರಿನಿಂದ ನನ್ನ ಅಕ್ಕ ಫೋನಿನಲ್ಲಿ ಕೇಳುತ್ತಾಳೆ, "ಬರ್ತಿಯೋ, ಅಲ್ಲೇ ಇರ್ತಿಯೋ? ಒಂದ ಮಾತ ಹೇಳು." ನನ್ನ ಮನಸ್ಸಿನಲ್ಲಿ ಏನಿದೆಯೆಂದು ಸಾಕ್ಷಿ ಹೇಳಲು ನನ್ನನ್ನೇ ಕರೆಸಿದರೆ, ಖಚಿತವಾಗಿ ಹೇಳಲಾರೆ ಎಂದೇ ಹೇಳಬೇಕಾಗುತ್ತದೆ. ಮನೆಯ ಮುಂದೆ ಇರದ ಬೇವಿನ ಮರಕ್ಕಾಗಿ ಮರಳುವುದು ಹೇಗೆ? ನನ್ನ ಮಾತಿನಿಂದ ಒಬ್ಬಳ ಮನೆ ಹೋದ ಊರಿನಲ್ಲಿ ನಿಲ್ಲುವುದು ಹೇಗೆ?

ಅಕ್ಕಿ ಚಳಿಗಾಲದ ಕೋಟಿನ ಜೇಬಿನಲ್ಲಿದೆ. ಅದನ್ನು ಕಾಶಕ್ಕನಿಗೆ ಕೊಡಲು ಒಮ್ಮೆ ಹೋಗಿದ್ದೆ. "ಬಿಟ್ಟದ್ದನ್ನ ತಿರುಗಿ ತಗೋತಾರೇನು," ಎಂದು ಚಹಾ ಕೊಟ್ಟು ಕಳಿಸಿದಳು. ಊರಿಗೆ ಒಯ್ಯೋಣವೆಂದರೆ ಅದು ಇಂಗಳೇಶ್ವರದ ಉಡಿಯದಲ್ಲ. ಬಸ್ಸಿಗೆ ಕಾಯುವಾಗ ಜೇಬಿಗೆ ಕೈ ಹಾಕಿ ನೋಡುತ್ತೇನೆ. ಕಾಳುಗಳು ಬೆರಳಿಗೆ ತಾಗುತ್ತವೆ. ಮರುದಿನ ಮತ್ತೆ ನೋಡುತ್ತೇನೆ.